ನಮ್ಮದು ‘ಮುಂದುವರಿದ’ ತಾಲ್ಲೂಕು

2019ರ ಮಳೆಗಾಲ. ಒಂದು ಹಾಡಿಯ ರಸ್ತೆ ಬಗ್ಗೆ ಸುದ್ದಿ ಮಾಡಲು ಹೋಗಿದ್ದೆ. ಜೀಪು ತೋಟದ ಗೇಟಿನವರೆಗೆ ಮಾತ್ರ ಬರುತ್ತದೆ. ಅಲ್ಲಿಂದ ಒಳಗೆ ಕಾಲುದಾರಿ, ಮಳೆ ಹಿಡಿದರೆ ಅದೂ ಕೆಸರು. ಕಾಯಿಲೆಯವರನ್ನು ಕಂಬಳಿಯಲ್ಲಿ ಹೊತ್ತು ತರಬೇಕು. ಫೋಟೊ ತೆಗೆದೆ, ನಾಲ್ಕು ಜನರ ಮಾತು ಬರೆದುಕೊಂಡೆ. ಇನ್ನು ಅಧಿಕಾರಿಯೊಬ್ಬರ ಹೇಳಿಕೆ ಬೇಕಲ್ಲ, ಕಚೇರಿಗೆ ಹೋದೆ.

ಅವರು ಒಳ್ಳೆಯ ಮನುಷ್ಯರೇ. ಕಾಫಿ ತರಿಸಿ ಹೇಳಿದರು: “ವಿಶೇಷ ಅಭಿವೃದ್ಧಿ ಯೋಜನೆಯಲ್ಲಿ ದುಡ್ಡು ಕೇಳೋಣ ಅಂದ್ರೆ ನಿಮ್ಮ ತಾಲ್ಲೂಕು ನಂಜುಂಡಪ್ಪ ಪಟ್ಟಿಯಲ್ಲೇ ಇಲ್ಲ. ನೀವು ಮುಂದುವರಿದವರು ಮಾರಾಯ್ರೆ!”

ನಂಜುಂಡಪ್ಪ ಅಂದರೆ ನನಗೆ ಡಿಪ್ಲೊಮಾ ಪರೀಕ್ಷೆಯ ಎರಡು ಅಂಕದ ಉತ್ತರ, ಅಷ್ಟೇ. ಮನೆಗೆ ಬಂದು ಹಠದಿಂದ ಓದಲು ಕೂತೆ. ಬೈಯಲೆಂದು ಕೂತವನು ಆ ಮನುಷ್ಯನ ಬಗ್ಗೆ ಗೌರವ ಹುಟ್ಟಿಸಿಕೊಂಡು ಎದ್ದೆ.

ಡಿ.ಎಂ. ನಂಜುಂಡಪ್ಪ ಅರ್ಥಶಾಸ್ತ್ರದ ಮೇಷ್ಟ್ರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೂ ಬೆಂಗಳೂರು ವಿಶ್ವವಿದ್ಯಾಲಯಕ್ಕೂ ಕುಲಪತಿಯಾಗಿದ್ದವರು. ರಾಜ್ಯ ಯೋಜನಾ ಮಂಡಳಿಯ ಉಪಾಧ್ಯಕ್ಷರೂ ಆಗಿದ್ದರು. ಪಾಠ ಹೇಳುವುದು, ಸರ್ಕಾರಕ್ಕೆ ಲೆಕ್ಕ ಹೇಳುವುದು, ಎರಡನ್ನೂ ಮಾಡಿದವರು. 2000ದಲ್ಲಿ ಎಸ್.ಎಂ. ಕೃಷ್ಣ ಸರ್ಕಾರ ಪ್ರಾದೇಶಿಕ ಅಸಮತೋಲನ ನಿವಾರಣೆಯ ಸಮಿತಿಗೆ ಇವರನ್ನು ಅಧ್ಯಕ್ಷರನ್ನಾಗಿ ಮಾಡಿತು. ವರದಿ ಬಂದದ್ದು 2002ರಲ್ಲಿ.

ಅಲ್ಲಿಯವರೆಗೆ ಜಗಳವೆಲ್ಲ ಉತ್ತರ ಕರ್ನಾಟಕ, ದಕ್ಷಿಣ ಕರ್ನಾಟಕ ಎಂಬ ಎರಡೇ ತುಂಡಿನದು. ಸಮಿತಿ ಆಗಿನ 175 ತಾಲ್ಲೂಕುಗಳನ್ನು ಒಂದೊಂದಾಗಿ ಅಳೆಯಿತು. ಕೃಷಿ, ಕೈಗಾರಿಕೆ, ರಸ್ತೆ, ಶಾಲೆ, ಆಸ್ಪತ್ರೆ, ಬ್ಯಾಂಕು ಎಂದು 35 ಸೂಚಕ. ರಾಜ್ಯದ ಸರಾಸರಿ 1 ಅಂಕ ಎಂದಿಟ್ಟುಕೊಂಡರೆ ಅದಕ್ಕಿಂತ ಕೆಳಗೆ ಬಿದ್ದ ತಾಲ್ಲೂಕುಗಳು 114. ಅದರಲ್ಲಿ 39 ಅತ್ಯಂತ ಹಿಂದುಳಿದವು. ಉತ್ತರದವು 59, ದಕ್ಷಿಣದವು 55. ದಕ್ಷಿಣದಲ್ಲೂ ಇಷ್ಟೊಂದು ಬಡ ತಾಲ್ಲೂಕುಗಳಿವೆ ಎಂದು ಲೆಕ್ಕ ಇಟ್ಟು ತೋರಿಸಿದ್ದು ಸಣ್ಣ ಮಾತಲ್ಲ. ಎಂಟು ವರ್ಷಕ್ಕೆ 31,000 ಕೋಟಿ ರೂಪಾಯಿ ಖರ್ಚು ಮಾಡಿ ಎಂದರು. ಸರ್ಕಾರ ಯೋಜನೆ ಶುರು ಮಾಡಿದ್ದು 2007-08ರಲ್ಲಿ. ಅಷ್ಟರಲ್ಲಿ ಮೇಷ್ಟ್ರು ತೀರಿಹೋಗಿದ್ದರು.

ಆ 114ರಲ್ಲಿ ಮಡಿಕೇರಿ ಇಲ್ಲ, ವಿರಾಜಪೇಟೆ ಇಲ್ಲ, ಸೋಮವಾರಪೇಟೆಯೂ ಇಲ್ಲ. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ಬೆಳೆಯುವ ಜಿಲ್ಲೆ. ನೂರು ಎಕರೆಯವರ ಬಂಗಲೆಯನ್ನೂ ಅವರದೇ ಲೈನ್ ಮನೆಯನ್ನೂ ಕೂಡಿಸಿ ಎರಡರಿಂದ ಭಾಗಿಸಿದರೆ ಯಾರೂ ಬಡವರಲ್ಲ! ಲೈನ್ ಮನೆಯಲ್ಲಿರುವವನಿಗೆ ಮನೆ ಅವನ ಹೆಸರಲ್ಲಿಲ್ಲ, ಕೆಲಸ ಬಿಟ್ಟರೆ ಸೂರೂ ಬಿಡಬೇಕು. 2016ರ ಡಿಸೆಂಬರ್‌ನಲ್ಲಿ ದಿಡ್ಡಳ್ಳಿಯಲ್ಲಿ ಜೇನುಕುರುಬರ, ಎರವರ ಗುಡಿಸಲು ಕಿತ್ತು ಹಾಕಿದ್ದು ಎಲ್ಲರಿಗೂ ನೆನಪಿದೆ. ಅವರಲ್ಲಿ ಎಷ್ಟೋ ಜನ ಲೈನ್ ಮನೆಗಳಿಂದ ಹೊರಬಂದು ಸ್ವಂತ ಸೂರಿಗಾಗಿ ಅಲ್ಲಿ ಕೂತವರು. ದಿಡ್ಡಳ್ಳಿ ಇದ್ದದ್ದು ‘ಮುಂದುವರಿದ’ ವಿರಾಜಪೇಟೆ ತಾಲ್ಲೂಕಿನಲ್ಲೇ.

ಇದು ನಂಜುಂಡಪ್ಪನವರ ತಪ್ಪು ಎಂದು ನಾನು ಹೇಳುವುದಿಲ್ಲ. ರಾಜ್ಯದಿಂದ ತಾಲ್ಲೂಕಿನವರೆಗೆ ಅಳತೆಪಟ್ಟಿ ಇಳಿಸಿಕೊಟ್ಟವರು ಅವರು. ತಾಲ್ಲೂಕಿನಿಂದ ಹಾಡಿಗೆ ಇಳಿಸಬೇಕಾದವರು ಇಲ್ಲಿರುವ ನಾವು. ಅದಕ್ಕೆ ಇಲ್ಲಿ ಆರಿಸಿ ಬಂದವರು ಕೂತು ಕೇಳಬೇಕಲ್ಲ? 1952ರಿಂದ 56ರವರೆಗೆ ಈ ಪುಟ್ಟ ಕೊಡಗಿಗೆ 24 ಸದಸ್ಯರ ಸ್ವಂತ ವಿಧಾನಸಭೆ ಇತ್ತು, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ. ಅದು ಮತ್ತೆ ಬೇಕು ಎನ್ನುವವರ ಜತೆ ನಾನಿಲ್ಲ. ಆದರೆ 2021ರಲ್ಲಿ ತಾಲ್ಲೂಕು, ಜಿಲ್ಲಾ ಪಂಚಾಯಿತಿ ಸದಸ್ಯರ ಅವಧಿ ಮುಗಿದ ಮೇಲೆ ಚುನಾವಣೆ ಮುಂದಕ್ಕೆ ಹೋಗುತ್ತಲೇ ಬಂತು, ಆಡಳಿತಾಧಿಕಾರಿಗಳೇ ನಡೆಸಿದರು. ಹಿಂದುಳಿದಿರುವಿಕೆಯನ್ನು ತಾಲ್ಲೂಕು ಲೆಕ್ಕದಲ್ಲಿ ಅಳೆಯುತ್ತೇವೆ, ತಾಲ್ಲೂಕಿನ ಪರವಾಗಿ ಮಾತಾಡುವ ಕುರ್ಚಿಗಳನ್ನು ಖಾಲಿ ಬಿಡುತ್ತೇವೆ.

2024ರಲ್ಲಿ ಪ್ರೊ. ಎಂ. ಗೋವಿಂದ ರಾವ್ ಅಧ್ಯಕ್ಷತೆಯಲ್ಲಿ ಹೊಸ ಸಮಿತಿಯಾಯಿತು. ಸುದ್ದಿ ಓದಿದ ದಿನ ಹಾಡಿಯ ಅಜ್ಜಿಯೊಬ್ಬರಿಗೆ ಹೇಳಿದೆ, ಮತ್ತೆ ಅಳೆಯುತ್ತಾರಂತೆ ಎಂದು. “ಅಳೆಯೋರು ಗೇಟಿನವರೆಗೆ ಬರ್ತಾರಾ, ಒಳಗೂ ಬರ್ತಾರಾ ಮಗ?” ಎಂದರು.

ನನ್ನ 2019ರ ಸುದ್ದಿ ಒಂದು ಕಾಲಂಗೆ ಇಳಿಯಿತು. ಅದೇ ದಿನ ಆನೆಯ ಫೋಟೊ ಬಂದಿತ್ತು, ಜಾಗ ಅದಕ್ಕೆ ಹೋಯಿತು. ರಸ್ತೆಗೆ ಅರ್ಧದವರೆಗೆ ಕಾಂಕ್ರೀಟ್ ಬಿದ್ದಿದೆ. ನನ್ನ ಸುದ್ದಿಯಿಂದ ಅಲ್ಲ, ಆ ವಾರ್ಡಿನ ಗ್ರಾಮ ಪಂಚಾಯಿತಿ ಸದಸ್ಯೆ ಮೂರು ಸಭೆಯಲ್ಲಿ ಎದ್ದು ನಿಂತು ಜಗಳ ಮಾಡಿದ್ದರಿಂದ. ಉಳಿದರ್ಧ ತೋಟದೊಳಗೆ ಹಾದುಹೋಗುತ್ತದೆ. ಅದರ ಅರ್ಜಿ ತಾಲ್ಲೂಕು ಕಚೇರಿಯಲ್ಲಿದೆ.