ಸಂತತಿ ಉಳಿಯದವರ ಎಲುಬು

ಮೈಸೂರಿನ ನೆಲ ಅಗೆದು ಪುರಾತನ ಪ್ರಾಣಿಯ ಎಲುಬು ಹುಡುಕುತ್ತೇನೆಂದರೆ ಸಿಗುವುದಿಲ್ಲ. ಚಾಮುಂಡಿ ಬೆಟ್ಟದ ಗ್ರಾನೈಟು ನೆಲದಾಳದ ಶಿಲಾರಸ ಆರಿ ಗಟ್ಟಿಯಾದದ್ದು, ವಯಸ್ಸು ಸುಮಾರು 80 ಕೋಟಿ ವರ್ಷ. ಸುತ್ತಲಿನ ನೈಸ್ ಶಿಲೆ ಅದಕ್ಕಿಂತ ಎಷ್ಟೋ ಹಿರಿಯದು, 300 ಕೋಟಿ ವರ್ಷದ ಆಸುಪಾಸಿನದು. ಬೆನ್ನೆಲುಬಿರುವ ಪ್ರಾಣಿ ಆಗಿನ್ನೂ ಹುಟ್ಟಿಯೇ ಇರಲಿಲ್ಲ. ಮುಂದೆ ನಾಲ್ಕು ಕಾಲಿನವು ನೀರು ಬಿಟ್ಟು ದಡ ಹತ್ತಿದ ಕಾಲದ ಕೆಸರು ಇಲ್ಲಿ ಕಲ್ಲಾಗಿ ಉಳಿದಿಲ್ಲ.

ಆದರೂ ಮೊದಲ ಉಭಯವಾಸಿಗಳ, ಮೊದಲ ಸರೀಸೃಪಗಳ ಸುದ್ದಿ ಎಲ್ಲಿ ಬಂದರೂ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಓದುತ್ತೇನೆ. 2025ರ ಮೇ ತಿಂಗಳಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದದ್ದಂತೂ ನನ್ನನ್ನು ಹಲವು ದಿನ ಬಿಡಲಿಲ್ಲ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ಹವ್ಯಾಸಿಗಳಿಬ್ಬರಿಗೆ ಸಿಕ್ಕ ಒಂದು ಕಲ್ಲುಹಲಗೆ, ಅದರ ಮೇಲೆ ಹೆಜ್ಜೆಗುರುತು. ಬೆರಳಿನ ತುದಿಯಲ್ಲಿ ಉಗುರು ಊರಿದ ಗೀರು ಸ್ಪಷ್ಟ. ಮಳೆಹನಿ ಬಿದ್ದ ಸಣ್ಣ ಗುಳಿಗಳೂ ಅದೇ ಹಲಗೆಯ ಮೇಲಿವೆ. ಒಂದು ಪ್ರಾಣಿ ತುಂತುರಿಗೆ ಮೊದಲೇ ದಾಟಿಹೋಗಿದೆ, ಉಳಿದ ಹೆಜ್ಜೆಗಳು ಮಳೆ ನಿಂತ ಮೇಲಿನವು. ವಯಸ್ಸು ಸುಮಾರು 35.5 ಕೋಟಿ ವರ್ಷ. ಅಲ್ಲಿಯವರೆಗೆ ಸರೀಸೃಪದ ಅತಿ ಹಳೆಯ ಎಲುಬೆಂದರೆ ಕೆನಡಾದ ನೋವಾ ಸ್ಕೋಷಿಯಾದ ಹೈಲೊನೋಮಸ್, ಸುಮಾರು 31.8 ಕೋಟಿ ವರ್ಷದ್ದು. ಉಭಯವಾಸಿಗಳ ಕಾಲಿಗೆ ಸಾಮಾನ್ಯವಾಗಿ ಇಂಥ ಉಗುರಿಲ್ಲ. ಹಾಗಾಗಿ ನೀರಿನ ಹಂಗಿಲ್ಲದೆ, ಒಳಗೇ ಪೊರೆ ಕಟ್ಟಿಕೊಂಡ ಮೊಟ್ಟೆಯಲ್ಲಿ ಮರಿ ಬೆಳೆಸುವ ಬಳಗ ಮೂರೂವರೆ ಕೋಟಿ ವರ್ಷದಷ್ಟು ಹಿಂದಕ್ಕೆ ಸರಿಯಿತು. ಹಲ್ಲಿ, ಆಮೆ, ಹಕ್ಕಿ, ಹಸು, ನಾವು, ಎಲ್ಲರೂ ಆ ಬಳಗದವರೇ.

ಓದುತ್ತ ಮೈ ಜುಮ್ಮೆಂದಿತು. ಆ ಹಿಗ್ಗು ಎಲ್ಲಿಂದ ಬಂತೆಂದು ಆಮೇಲೆ ನನ್ನನ್ನೇ ಕೇಳಿಕೊಂಡೆ. 'ಇವರು ನಮ್ಮವರು' ಎಂಬ ಭಾವದಿಂದ ಬಂದಿತ್ತು. ನನಗೆ ಬೇಕಾಗಿದ್ದುದು ಪೂರ್ವಜರು. ನಮ್ಮೂರಿನಲ್ಲಿ ಪರಿಚಯವಾದ ಎರಡನೇ ಮಾತಿಗೇ ಯಾವ ಕಡೆಯವರು, ಯಾರ ಪೈಕಿ ಎಂದು ವಿಚಾರಿಸುವ ರೂಢಿ ಇದೆ. ಅದನ್ನೇ ನಾನು ಕೋಟ್ಯಂತರ ವರ್ಷದ ಹಿಂದಿನ ಕಲ್ಲಿನ ಹತ್ತಿರವೂ ವಿಚಾರಿಸುತ್ತಿದ್ದೆ.

ಹಾಗೆಂದು ಗೊತ್ತಾದದ್ದು ಪಂಥಾಸಾರಸ್ ಬಗ್ಗೆ ಓದುವಾಗ. ಇದು ನಮ್ಮ ಪಕ್ಕದ ತೆಲಂಗಾಣದ ಉಭಯವಾಸಿ. ಪ್ರಾಣಹಿತಾ-ಗೋದಾವರಿ ಕಣಿವೆಯ ಮಾಲೇರಿ ಶಿಲಾಸ್ತರದ ಕೆಂಪು ಜೇಡಿಗಲ್ಲಿನಲ್ಲಿ ಸಿಕ್ಕಿದ್ದು, ಸುಮಾರು 22 ಕೋಟಿ ವರ್ಷ ಹಳೆಯದು. 1965ರಲ್ಲಿ ರಾಯ್ ಚೌಧುರಿ ಇದನ್ನು ಮೆಟೊಪೊಸಾರಸ್ ಜಾತಿಗೆ ಸೇರಿಸಿದ್ದರು. ಕೋಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಸಂಜುಕ್ತಾ ಚಕ್ರವರ್ತಿ ಮತ್ತು ಧೂರ್ಜಟಿ ಸೇನ್‌ಗುಪ್ತ ತಲೆಬುರುಡೆಯ ಎಲುಬುಗಳನ್ನು ಅಳೆದು ನೋಡಿ, ಇದು ಬೇರೆಯೇ ಎಂದು ಹೊಸ ಹೆಸರು ಕೊಟ್ಟರು. (ಪಳೆಯುಳಿಕೆಯ ಕೆಲಸಕ್ಕೆ ಸಂಖ್ಯಾಶಾಸ್ತ್ರದ ಮನೆಯಲ್ಲಿ ಜಾಗ ಕೊಟ್ಟವರು ಆ ಸಂಸ್ಥೆಯ ಸ್ಥಾಪಕ ಮಹಾಲನೊಬಿಸ್. ಆ ದೊಡ್ಡ ಮನಸ್ಸಿಗೆ ನಾನು ಸದಾ ಋಣಿ.) ಚಪ್ಪಟೆ ತಲೆ, ಮೂತಿಯ ಕಡೆಗೇ ಸರಿದ ಕಣ್ಣು, ಬುರುಡೆಯ ಮೇಲೆಲ್ಲ ಕಾವಲಿಯ ಮೇಲಿನ ಸೆಟ್ ದೋಸೆಯ ಹಾಗೆ ಗುಳಿಗಳು. ಕಾಲಿನ ಎಲುಬನ್ನು ತೆಳ್ಳಗೆ ಸೀಳಿ ಸೂಕ್ಷ್ಮದರ್ಶಕದಡಿ ಇಟ್ಟರೆ, ಬೇಗ ಬೆಳೆದ ಕಾಲ, ನಿಧಾನವಾದ ಕಾಲ ಪಟ್ಟೆಪಟ್ಟೆಯಾಗಿ ಕಾಣುತ್ತವೆ. 2020ರಲ್ಲಿ ಪ್ರಕಟವಾದ ಅಧ್ಯಯನ ಆ ಪಟ್ಟೆಗಳಿಂದಲೇ ಅಂದಿನ ಗೋದಾವರಿ ಸೀಮೆಯ ಹವಾಮಾನವನ್ನು ಓದಿತು.

ಇಷ್ಟೆಲ್ಲ ಇದ್ದರೂ ನನ್ನ ಕಣ್ಣು ಮೊದಲು ಹುಡುಕಿದ್ದು ಒಂದೇ ಸಾಲನ್ನು: ಇದರಿಂದ ಮುಂದೆ ಯಾರು ಬಂದರು? ಯಾರೂ ಇಲ್ಲ. ಮೆಟೊಪೊಸಾರಿಡ್ ಕುಟುಂಬ ಟ್ರಯಾಸಿಕ್ ಯುಗ ಮುಗಿಯುವುದರೊಳಗೆ ಅಳಿಯಿತು. ಅದನ್ನು ಓದಿದ ಕೂಡಲೇ ನನ್ನ ಆಸಕ್ತಿ ಸೊರಗಿದ್ದು ನನಗೇ ತಿಳಿಯಿತು. ಇದು ಬರೀ ಕಲ್ಲಿನ ವಿಷಯದಲ್ಲಿ ಬಂದ ಗುಣವಲ್ಲ. ನಮ್ಮ ಮನೆಯ ವಂಶವೃಕ್ಷದಲ್ಲಿ ನಮ್ಮ ತಂದೆಯನ್ನು ಎತ್ತಿ ಆಡಿಸಿದ ದೊಡ್ಡತ್ತೆಯ ಹೆಸರಿಲ್ಲ, ಅವರಿಗೆ ಮಕ್ಕಳಿರಲಿಲ್ಲ. ಆ ಹಾಳೆಯನ್ನು ಚಿಕ್ಕಂದಿನಿಂದ ನೋಡುತ್ತ ಬೆಳೆದವರ ಕಣ್ಣು ನನ್ನದು.

ಸಂತತಿಯೇ ಬಾಳಿನ ಅಳತೆಯಾದರೆ ಈ ಭೂಮಿಯ ಮೇಲೆ ಬದುಕಿದ ಬಹುಪಾಲು ಜೀವಿಗಳು ಲೆಕ್ಕಕ್ಕೇ ಬರುವುದಿಲ್ಲ. ಪಂಥಾಸಾರಸ್ ಸೇರಿದ ಟೆಮ್ನೊಸ್ಪಾಂಡೈಲ್ ಗಣ 20 ಕೋಟಿಗೂ ಹೆಚ್ಚು ವರ್ಷ ನದಿ, ಕೆರೆ, ಜೌಗುಗಳಲ್ಲಿ ಬಾಳಿತು. ಆ ದೈತ್ಯರಲ್ಲಿ ಕೊನೆಯದೆನ್ನುವ ಕೂಲಾಸುಕಸ್ ಆಸ್ಟ್ರೇಲಿಯಾದಲ್ಲಿ ಸುಮಾರು 12 ಕೋಟಿ ವರ್ಷದ ಹಿಂದಿನವರೆಗೂ ಇತ್ತು. ಕುಕ್ಕರಹಳ್ಳಿ ಕೆರೆಯಂಚಿನಲ್ಲಿ ಮಳೆಗಾಲಕ್ಕೆ ವಟಗುಟ್ಟುವ ಕಪ್ಪೆಗಳು ಇದೇ ಗಣದ ಸಣ್ಣದೊಂದು ಕವಲಿನಿಂದ ಬಂದವೆಂದು ಹಲವು ತಜ್ಞರ ಮತ. ಮನುಷ್ಯ ಜಾತಿಗೆ ಈಗ ಸುಮಾರು 3 ಲಕ್ಷ ವರ್ಷ.

ಮೈಸೂರಿನ ಮೇಷ್ಟರುಗಳಲ್ಲಿ, ಅಪ್ಪ-ಅಮ್ಮಂದಿರಲ್ಲಿ ನನ್ನದೊಂದು ಬೇಡಿಕೆ. ವಿಕಾಸದ ಪಾಠ ಮಾಡುವಾಗ ಮೀನಿನಿಂದ ಮನುಷ್ಯನವರೆಗೆ ಒಂದೇ ಗೆರೆ ಎಳೆದು ಮುಗಿಸಬೇಡಿ. ಕಾರಂಜಿ ಕೆರೆ ದಂಡೆಯ ಪ್ರಾಕೃತಿಕ ವಿಜ್ಞಾನ ಸಂಗ್ರಹಾಲಯಕ್ಕೆ ಮಕ್ಕಳನ್ನು ಕರೆದುಕೊಂಡು ಹೋದಾಗ ಪಂಥಾಸಾರಸ್ ಕಥೆಯನ್ನೂ ಹೇಳಿ. ಅದರಿಂದ ಯಾರು ಬಂದರೆಂದು ಮಕ್ಕಳು ಕೇಳಿದರೆ ಯಾರೂ ಬರಲಿಲ್ಲ ಎಂದು ಹೇಳಿ, ಆಮೇಲೂ ಕಥೆ ನಿಲ್ಲಿಸಬೇಡಿ.