ಮೀನಿನ ಶಲ್ಕ

ತುಮಕೂರು, ಗುಬ್ಬಿ, ಕುಣಿಗಲುಗಳು ಕೆರೆಗಳ ಸೀಮೆ. ತುಮಕೂರಿನ ಅಮಾನಿಕೆರೆ, ಕುಣಿಗಲಿನ ದೊಡ್ಡಕೆರೆ ಮೊದಲಾದವುಗಳ ಬಳಿ ವಾಸಿಸುವವರಿಗೆ ಮೀನು ಅಪರಿಚಿತವಲ್ಲ; ತಿನ್ನದವರಿಗೂ ಅದನ್ನು ಕಂಡು ಗೊತ್ತುಂಟು. ಆದರೆ ಮೀನನ್ನು ಹಸನುಮಾಡುವವರು ಹೆರೆದು ಚೆಲ್ಲುವ ಹುರುಪೆಯನ್ನು ಬೆಳಕಿಗೆ ಹಿಡಿದು ನೋಡುವವರು ವಿರಳ. ಸಂಸ್ಕೃತದಲ್ಲಿ ಇದಕ್ಕೆ ಶಲ್ಕವೆಂದು ಹೆಸರು. ಮನುಸ್ಮೃತಿಯ ಐದನೆಯ ಅಧ್ಯಾಯವು ಭಕ್ಷ್ಯಾಭಕ್ಷ್ಯವನ್ನು ವಿಚಾರಮಾಡುವಾಗ ‘ಸಶಲ್ಕ’ವೆಂದು ಮೀನುಗಳ ಒಂದು ವರ್ಗವನ್ನೇ ಹೇಳುತ್ತದೆ. ಶಲ್ಕವನ್ನು ನೋಡಿ ಮೀನನ್ನು ವಿಂಗಡಿಸುವ ದೃಷ್ಟಿ ಅಷ್ಟು ಹಳೆಯದು.

ಯೂರೋಪಿನಲ್ಲಿ ಲೂಯಿ ಅಗಾಸಿ ಎಂಬ ವಿದ್ವಾಂಸನು 1833ರಿಂದ 1843ರ ವರೆಗೆ ಪ್ರಕಟಿಸಿದ ಗ್ರಂಥದಲ್ಲಿ ಮೀನುಗಳನ್ನು ಶಲ್ಕದ ಆಧಾರದಿಂದ ನಾಲ್ಕು ಪಂಗಡಗಳಾಗಿ ವಿಭಾಗಿಸಿದನು. ಮೀನುಗಳ ಕುಲವನ್ನು ಈಗ ಇದೊಂದರಿಂದಲೇ ನಿರ್ಣಯಿಸುವುದಿಲ್ಲವಾದರೂ ಆ ಹೆಸರುಗಳು ಉಳಿದಿರುವುವು. ಮೊದಲನೆಯದು ಶಾರ್ಕಿನದು: ಹಲ್ಲಿನ ರಚನೆಯನ್ನೇ ಹೋಲುವ ಸಣ್ಣ ಮುಳ್ಳುಗಳು, ಆದುದರಿಂದ ಅದರ ಚರ್ಮವು ಬಡಗಿಯ ಅರದಂತೆ ಒರಟು. ಎರಡನೆಯದು ಅಮೆರಿಕದ ಗಾರ್ ಮೀನಿನದು: ವಜ್ರಾಕೃತಿಯ, ಹೊಳಪುಳ್ಳ ಕಠಿನ ಫಲಕಗಳು. ಮೂರನೆಯದು ನಮ್ಮ ಕೆರೆಗಳ ಗೆಂಡೆ, ಕಾಟ್ಲಾ, ರೋಹುಗಳದು: ತೆಳುವಾಗಿ, ದುಂಡಾಗಿ, ಅಂಚು ನುಣುಪಾಗಿರುವುದು. ನಾಲ್ಕನೆಯದರ ಅಂಚಿನಲ್ಲಿ ಬಾಚಣಿಗೆಯಂತೆ ಹಲ್ಲುಗಳುಂಟು. ಕರಾವಳಿಯ ಹಿನ್ನೀರಿನ ಕರಿಮೀನು ಇದಕ್ಕೆ ನಿದರ್ಶನ. ಬಾಳೆಮೀನಿಗಾದರೋ ಶಲ್ಕವೇ ಇಲ್ಲ. ಲೋಳೆಯುಳ್ಳ ಚರ್ಮವೇ ಅದರ ಹೊದಿಕೆ.

ಶಲ್ಕಗಳು ಮಾಡಿನ ಹೆಂಚಿನಂತೆ ಒಂದರ ಮೇಲೊಂದು ಹೊಂದಿಕೊಂಡು ಬಾಲದ ಕಡೆಗೆ ಬಾಗಿರುವುವು. ಆದಕಾರಣ ಅವು ಕವಚವಾಗಿದ್ದರೂ ಮೈ ಬಳುಕುವುದಕ್ಕೆ ಅಡ್ಡಿಯಾಗವು. ಪಕ್ಕೆಯ ಉದ್ದಕ್ಕೂ ಒಂದು ಸಾಲಿನ ಶಲ್ಕಗಳಲ್ಲಿ ಸೂಕ್ಷ್ಮರಂಧ್ರಗಳಿರುವುವು. ನೀರಿನ ಅಲುಗಾಟವನ್ನು ಮೀನು ತಿಳಿಯುವುದು ಇವುಗಳ ಮೂಲಕ. ಆಹಾರವಿಲ್ಲದ ಕಾಲದಲ್ಲಿ ಶಲ್ಕದೊಳಗಿನ ಸುಣ್ಣದ ಅಂಶವನ್ನು ದೇಹವು ಹಿಂದಕ್ಕೆ ಪಡೆಯುವುದೂ ಉಂಟು. ಕವಚವೇ ಕಣಜವೂ ಆಗುವ ಈ ಏರ್ಪಾಡು ಆಶ್ಚರ್ಯಕರವಾದುದು.

ಇದಕ್ಕಿಂತಲೂ ಹೆಚ್ಚಿನದು ಇನ್ನೊಂದಿದೆ. ಮೀನು ಬೆಳೆದಂತೆ ಶಲ್ಕಗಳ ಸಂಖ್ಯೆ ಹೆಚ್ಚುವುದಿಲ್ಲ; ಇದ್ದ ಶಲ್ಕವೇ ಬಳೆಬಳೆಯಾಗಿ ಹಿಗ್ಗುವುದು. ಸಮೃದ್ಧಿಯಲ್ಲಿ ಬಳೆಗಳು ವಿರಳ, ಬರದಲ್ಲಿ ಒತ್ತೊತ್ತು. 1898ರಲ್ಲಿ ಜರ್ಮನಿಯ ಹಾಫ್‌ಬಾವರನು ಗೆಂಡೆಯ ವಯಸ್ಸನ್ನು ಹೀಗೆಯೇ ಓದಿ ತೋರಿಸಿದನು. ಕಡುಚಳಿಯಿಲ್ಲದ ನಮ್ಮ ನಾಡಿನಲ್ಲಿ ಈ ಓದು ಅಷ್ಟು ಸುಲಭವಲ್ಲ. ಆದರೂ ಹಸಿವು, ಮೊಟ್ಟೆಯಿಡುವ ಆಯಾಸಗಳು ಇಲ್ಲಿಯೂ ಗುರುತನ್ನು ಬಿಡುವುವು. ಕಿತ್ತುಹೋದ ಶಲ್ಕದ ಜಾಗದಲ್ಲಿ ಹೊಸದು ಹುಟ್ಟುವುದು. ಆದರೆ ಅದರ ನಡುವೆ ಹಳೆಯ ಬಳೆಗಳಿರುವುದಿಲ್ಲ. ಕವಚವು ಮರಳಿತು, ಚರಿತ್ರೆ ಮರಳಲಿಲ್ಲ.

ಮಳೆಯನ್ನೇ ನಂಬಿದ ಕೆರೆಗಳ ಗತಿಯೂ ಇಂಥದೇ. ತಳಕಂಡ ಕೆರೆ ಮರುವರ್ಷ ತುಂಬಬಹುದು. ಗಂಗಾನದಿಯ ಕುಲದ ಕಾಟ್ಲಾ, ರೋಹುಗಳ ಮರಿಗಳನ್ನು ತಂದು ಬಿಟ್ಟರೆ ಮೀನೂ ಆದೀತು. ಆದರೆ ಆ ಮರಿಗಳ ಶಲ್ಕದಲ್ಲಿ ಕೆರೆಯ ಹಿಂದಿನ ವರ್ಷಗಳ ಲೆಕ್ಕವಿಲ್ಲ. ನೀರು ತುಂಬಿತೆಂದ ಮಾತ್ರಕ್ಕೆ ಕೆರೆ ಮೊದಲಿನಂತಾಯಿತೆಂದು ಸಂತೋಷಪಡುವವರು ಇದನ್ನೂ ಆಲೋಚಿಸಬೇಕು. ಹೂಳು ತೆಗೆದು, ಕಾಲುವೆಗಳನ್ನು ಕಾಪಾಡಿ, ಮಡುವಿನಲ್ಲಿ ಬೇಸಗೆಗೂ ಒಂದಿಷ್ಟು ನೀರನ್ನು ಉಳಿಸಿದ ಊರಿನಲ್ಲಿ ಮಾತ್ರ ಹಳೆಯ ಮೀನು ಬದುಕಿ, ಹೊಸ ಬಳೆಯನ್ನು ಹಳೆಯ ಬಳೆಯ ಸುತ್ತ ಬರೆಯುವುದು.