ಸಾಕ್ಷಿಗೆಂದು ಕೊಟ್ಟ ಜೆರಾಕ್ಸ್

ರಾತ್ರಿ 8 ಗಂಟೆ 20 ನಿಮಿಷ. ಪುಣೆಯ ವಾಕಡದ ಕಸ್ಪಟೆ ವಸ್ತಿಯ ಚಾಳಿನಲ್ಲಿ ಅತ್ತಿ ರೊಟ್ಟಿ ಬಡಿಯುತ್ತಿದ್ದಾಳೆ. ಹೊಸ್ತಿಲ ಹೊರಗೆ ಬೈಕೊಂದು ಬಂದು ನಿಲ್ಲುತ್ತದೆ. ಹಿಂದೆ ಕೂತವನು ಇಳಿದು ಮಾಮಾನ ಹೆಸರನ್ನು ಅಪ್ಪನ ಹೆಸರು, ಅಡ್ಡಹೆಸರು ಸಮೇತ ಕೂಗುತ್ತಾನೆ. ಹದಿನಾಲ್ಕು ವರ್ಷದಲ್ಲಿ ಈ ಊರಲ್ಲಿ ಅವನನ್ನು ಯಾರೂ ಹಾಗೆ ಕರೆದಿಲ್ಲ. ಸೈಟಿನಲ್ಲಿ ಅವನು ಮಿಸ್ತ್ರಿ, ಚಾಳಿನಲ್ಲಿ ಕಾಕಾ, ನನಗೆ ಮಾಮಾ.

“ಗಾಡೀ ಕಾ ಚಾರ್ ಹಫ್ತಾ ಬಾಕಿ ಹೈ. ಆಪ್ ಗ್ಯಾರಂಟರ್ ಹೋ.”

ರೊಟ್ಟಿ ಬಡಿಯುವ ಸದ್ದು ನಿಲ್ಲುತ್ತದೆ.

ಮಾಮಾ ಎದ್ದು ಬಾಗಿಲಿಗೆ ಬರುತ್ತಾನೆ. ಟೈಲ್ಸ್ ಕೂಡಿಸುವ ಗೌಂಡಿ ಅವನು. ಎಷ್ಟು ತಿಕ್ಕಿ ತೊಳೆದರೂ ಉಗುರಿನ ಸಂದಿಯ ಬಿಳಿ ಸಿಮೆಂಟು ಹೋಗುವುದಿಲ್ಲ. “ಯಾವ ಗಾಡಿ?” ಎಂದು ಕೇಳುತ್ತಾನೆ. ಬಂದವನು ಮೊಬೈಲ್ ತಿರುಗಿಸಿ ತೋರಿಸುತ್ತಾನೆ. ಒಂದು ಛೋಟಾ ಹಾಥಿ, ಮುಂದೆ ನಿಂಬೆಹಣ್ಣು ಕಟ್ಟಿದ ಹೊಸ ಟೆಂಪೊ, ಎಂಎಚ್ 14ರ ನಂಬರು. ಮಾಮಾ ಅದನ್ನು ಹತ್ತಿದ್ದಿಲ್ಲ, ಇಳಿದಿದ್ದಿಲ್ಲ, ಇವತ್ತಿನವರೆಗೆ ಕಂಡದ್ದೂ ಇಲ್ಲ.

ನಾನು ನಡುವೆ ಬರುತ್ತೇನೆ. ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಸಾಲಗಾರನಿಗಾಗಲಿ ಜಾಮೀನುದಾರನಿಗಾಗಲಿ ಫೋನ್ ಮಾಡುವಂತಿಲ್ಲ ಎಂದು ರಿಸರ್ವ್ ಬ್ಯಾಂಕು 2022ರ ಆಗಸ್ಟ್‌ನಲ್ಲೇ ಸುತ್ತೋಲೆ ಹೊರಡಿಸಿದೆ. ಇಲ್ಲಿ ಮನೆ ಬಾಗಿಲಿಗೇ ಬಂದಿದ್ದಾರೆ. ಅವರ ಗುರುತಿನ ಚೀಟಿ ಕೇಳುತ್ತೇನೆ. ಅವನು ಚೀಟಿ ತೋರಿಸುವುದಿಲ್ಲ, ಬಾಗಿಲಿನ ಫೋಟೊ ಹೊಡೆದುಕೊಂಡು ಹೋಗುತ್ತಾನೆ. ಆಚೀಚೆ ಖೋಲಿಯವರು ಬಾಗಿಲಲ್ಲಿ ನಿಂತು ನೋಡುತ್ತಿದ್ದಾರೆ. ಅತ್ತಿ ಎದ್ದು ಬಂದು ಬಾಗಿಲು ಮುಂದಕ್ಕೆ ಎಳೆದುಕೊಳ್ಳುತ್ತಾಳೆ. ತವೆಯ ಮೇಲಿನ ರೊಟ್ಟಿ ಹೊತ್ತಿದೆ.

ಊಟ ಯಾರಿಗೂ ಸೇರುವುದಿಲ್ಲ. ಮಾಮಾನ ಪ್ಯಾನ್ ಕಾರ್ಡು, ಅವನ ನಂಬರಿಗೆ ಬಂದ ಓಟಿಪಿ ಇಟ್ಟುಕೊಂಡು ನನ್ನ ಫೋನಿನಲ್ಲಿ ಸಿಬಿಲ್ ವರದಿ ತೆಗೆಯುತ್ತೇನೆ. ಒಂದೇ ಒಂದು ಹಳೆಯ ಬಂಗಾರದ ಸಾಲ, ತೀರಿದೆ. ಅದರ ಕೆಳಗೆ ಇನ್ನೊಂದು ಖಾತೆ, ವಾಣಿಜ್ಯ ವಾಹನ ಸಾಲ. ಒಡೆತನ ಎನ್ನುವ ಕಡೆ ‘ಗ್ಯಾರಂಟರ್’. ಅದರಡಿ ತಿಂಗಳು ತಿಂಗಳಿನ ಸಣ್ಣ ಚೌಕಗಳು: 000, 000, 000, ಆಮೇಲೆ 27, 58, 88, 119. ಕಂತು ಕಟ್ಟದೆ ಕಳೆದ ದಿನಗಳ ಲೆಕ್ಕವದು. 90 ದಾಟಿತೆಂದರೆ ಬ್ಯಾಂಕಿನವರ ಭಾಷೆಯಲ್ಲಿ ಸಾಲ ಎನ್‌ಪಿಎ. ಗಾಡಿ ಓಡಿಸುವವನ ವರದಿಯಲ್ಲಿ ಎಷ್ಟು ಕಪ್ಪು ಬೀಳುತ್ತದೋ ಅಷ್ಟೇ ಕಪ್ಪು ಮಾಮಾನ ವರದಿಯಲ್ಲೂ ಬಿದ್ದಿದೆ. ಬರುವ ವರ್ಷ ಮಗಳ ನರ್ಸಿಂಗ್ ಓದಿಗೆ ಸಾಲ ಕೇಳಲು ಬ್ಯಾಂಕಿಗೆ ಹೋಗಬೇಕಾದವನು ಇದೇ ಮಾಮಾ.

ಸಾಲ ಮಂಜೂರಾದ ತಾರೀಖನ್ನು ಓದಿ ಹೇಳುತ್ತೇನೆ. ಅವನು ಬೆರಳು ಮಡಚಿ ತಿಂಗಳು ಎಣಿಸುತ್ತಾನೆ. ಎಣಿಸುತ್ತಿದ್ದ ಕೈ ಅಲ್ಲೇ ನಿಲ್ಲುತ್ತದೆ.

“ಅವಾಗಲ್ಲಾ ಅಂವಾ ರೂಮ್ ಹಿಡದಿದ್ದು.”

ಅಂವ ಎಂದರೆ ನಮ್ಮ ಇಂಡಿ ತಾಲೂಕಿನವನೇ, ಪಕ್ಕದ ಹಳ್ಳಿಯವನು, ಬಾಡಿಗೆ ಟೆಂಪೊ ಓಡಿಸುತ್ತಿದ್ದ ಹುಡುಗ. ಮಹಾರಾಷ್ಟ್ರದಲ್ಲಿ ಬಾಡಿಗೆ ಕರಾರನ್ನು ನೋಂದಾಯಿಸಲೇಬೇಕು. 1999ರ ಬಾಡಿಗೆ ನಿಯಂತ್ರಣ ಕಾಯ್ದೆಯ ನಿಯಮವದು. ಏಜೆಂಟರು ಹೆಬ್ಬೆಟ್ಟಿನ ಯಂತ್ರ ಹಿಡಿದು ಮನೆಗೇ ಬರುತ್ತಾರೆ, ಸಾಕ್ಷಿಗೆ ಇಬ್ಬರು ಬೇಕಾಗುತ್ತಾರೆ. “ಕಾಕಾ, ನನಗ ಇಲ್ಲಿ ಯಾರದಾರ, ನೀವಾ ಸಾಕ್ಷಿ ಆಗ್ರಿ” ಎಂದು ಬಂದಿದ್ದನಂತೆ. ಮಾಮಾ ಆಧಾರ್, ಪ್ಯಾನ್ ಜೆರಾಕ್ಸ್, ಎರಡು ಫೋಟೊ ಕೊಟ್ಟ. ಸಂಜೆ ಫೋನ್ ಬಂತು, ಸಾಕ್ಷಿಯ ಓಟಿಪಿ ಬರುತ್ತದೆ ಹೇಳಿರಿ ಎಂದ. ಸೈಟಿನ ಹದಿಮೂರನೇ ಮಾಳಿಗೆಯಲ್ಲಿ ಮೊಣಕಾಲೂರಿ ಟೈಲ್ಸ್ ಕೂಡಿಸುತ್ತಿದ್ದವನು ಆರು ಅಂಕಿ ಓದಿ ಹೇಳಿದ. ಮೆಸೇಜಿನ ಉಳಿದ ಇಂಗ್ಲಿಷ್ ಅವನಿಗೆ ಓದಲು ಬರುವುದಿಲ್ಲ.

ಆ ಹುಡುಗನ ನಂಬರಿಗೆ ಹಚ್ಚುತ್ತೇವೆ. ಸ್ವಿಚ್ ಆಫ್.

ಮರುದಿನ ಬೆಳಿಗ್ಗೆ ವಾಕಡ ಬ್ರಿಡ್ಜಿನ ಕೆಳಗೆ ಚಹಾದ ಗಾಡಿಯ ಪಕ್ಕ ಮಾಮಾನಿಗಾಗಿ ಕಾಯುತ್ತಿದ್ದೇನೆ. ಮೇಲೆ ಮುಂಬಯಿ–ಬೆಂಗಳೂರು ಹೆದ್ದಾರಿ ಗುಡುಗುತ್ತಿದೆ. ಹಿಂಜವಡಿ ಕಡೆಯ ಕಂಪನಿ ಬಸ್ಸುಗಳು ಭೂಮಕರ್ ಚೌಕದವರೆಗೂ ಸಾಲುಗಟ್ಟಿವೆ. ನನ್ನ ಬಸ್ಸೂ ಅದರಲ್ಲಿದೆ. ಇವತ್ತು ರಜೆ ಹಾಕಿದ್ದೇನೆ. ರಾತ್ರಿ ಊರು ಬಿಟ್ಟ ಬಸ್ಸಿನಿಂದ ಒಂದು ಕುಟುಂಬ ಈಗಷ್ಟೇ ಇಳಿದು ಗಂಟು ಎಣಿಸಿಕೊಳ್ಳುತ್ತಿದೆ. ಹೆಂಗಸಿನ ಕಂಕುಳಲ್ಲಿ ಕೂಸು, ಗಂಡಸಿನ ಕೈಯಲ್ಲಿ ಚೀಟಿಯ ಮೇಲೆ ಬರೆದ ಫೋನ್ ನಂಬರು. ಹೀಗೆ ಇಳಿದವರನ್ನು ಮೊದಲು ಕೈಹಿಡಿಯುವವರು ಊರಿನವರೇ. ಖೋಲಿ ಕೊಡಿಸುವುದು, ಮುಕಾದಮನಿಗೆ ಪರಿಚಯ ಮಾಡಿಸುವುದು, ಕಿರಾಣಿ ಅಂಗಡಿಯಲ್ಲಿ ಉದ್ರಿ ಹೇಳುವುದು, ಎಲ್ಲ ಒಂದೇ ಮಾತಿನ ಮೇಲೆ ನಡೆಯುತ್ತದೆ: “ನಾ ಅದೀನಿ.” ಆ ಹುಡುಗ ಕದ್ದದ್ದು ಎರಡು ಜೆರಾಕ್ಸನ್ನಷ್ಟೇ ಅಲ್ಲ, ಈ ಮಾತನ್ನು. ನಾಳೆ ಇನ್ನೊಬ್ಬ ನಿಜವಾದ ಹುಡುಗ ಬಂದು ಸಾಕ್ಷಿ ಕೇಳಿದರೆ ಮಾಮಾ ಏನು ಮಾಡಬೇಕು?

ಜಾಮೀನು ಎಂದರೇನು ಎಂದು ಮಾಮಾನಿಗೆ ಯಾರೂ ಕಲಿಸಬೇಕಿಲ್ಲ. ಅವನ ತಮ್ಮ ಬೋರ್‌ವೆಲ್‌ಗೆಂದು ಊರಿನ ಸೊಸೈಟಿಯಲ್ಲಿ ಸಾಲ ತೆಗೆದಾಗ ಜಾಮೀನು ನಿಂತವನು ಇವನೇ. ನೀರು ಬೀಳಲಿಲ್ಲ, ಮಳೆಯೂ ಕೈಕೊಟ್ಟಿತು. ಇಲ್ಲಿನ ಪಗಾರದಲ್ಲಿ ಮೂರು ವರ್ಷ ಆ ಸಾಲ ತೀರಿಸಿದ. ಒಂದು ದಿನವೂ ತಮ್ಮನ ಮೇಲೆ ದೂರು ಹೇಳಲಿಲ್ಲ. ಆವತ್ತು ಸೊಸೈಟಿಯ ಕಾರ್ಯದರ್ಶಿಯ ಎದುರು ಕೂತು, ಓದಿಸಿ ಕೇಳಿ, ಕನ್ನಡದಲ್ಲಿ ಸಹಿ ಮಾಡಿದ್ದ.

ಆ ಸಹಿಯ ವಿಷಯ ಇಲ್ಲಿ ಮುಖ್ಯ.

ಟೆಂಪೊಗೆ ಸಾಲ ಕೊಟ್ಟ ಫೈನಾನ್ಸ್ ಕಂಪನಿಯ ಶಾಖೆಯಲ್ಲಿ ಎಸಿ ಜೋರಾಗಿದೆ. ಮಾಮಾ ಕುರ್ಚಿಯ ತುದಿಯಲ್ಲಿ ಕೂತಿದ್ದಾನೆ. ಕರಾರಿನ ಪ್ರತಿ, ಜಾಮೀನುದಾರನ ದಾಖಲೆ, ಒಪ್ಪಿಗೆ ಪಡೆದ ಫೋನಿನ ಧ್ವನಿಮುದ್ರಣ ಕೊಡಿ ಎಂದು ಬರೆದು ತಂದಿದ್ದೇವೆ. ಕೊಡಲು ಬರುವುದಿಲ್ಲ ಎನ್ನುತ್ತ ಅಧಿಕಾರಿ ಫೈಲನ್ನು ತನ್ನ ಕಡೆಗೇ ತಿರುಗಿಸಿಟ್ಟುಕೊಂಡು ಹಾಳೆ ಮಗುಚುತ್ತಾನೆ. ಒಂದು ಹಾಳೆ ಕ್ಷಣಹೊತ್ತು ನಮ್ಮ ಕಡೆಗೂ ಕಾಣುತ್ತದೆ. ಮಾಮಾನ ಫೋಟೊ, ಅದರ ಮೇಲೆ ಅರ್ಧ, ಹಾಳೆಯ ಮೇಲೆ ಅರ್ಧ ಹಾದುಹೋದ ಸಹಿ.

“ಅದು ನಂದಲ್ಲ.” ಮಾಮಾ ಎದ್ದು ನಿಂತಿದ್ದಾನೆ. “ಅದು ಮರಾಠಿ ಐತಿ.”

ಹೌದು, ಸಹಿ ದೇವನಾಗರಿಯಲ್ಲಿದೆ. ತಲೆಗೆರೆ ಎಳೆದು ಸಲೀಸಾಗಿ ಬರೆದ ಅಕ್ಷರ. ತೊಂಬತ್ತರ ದಶಕದಲ್ಲಿ ಸಾಕ್ಷರತಾ ಆಂದೋಲನದ ರಾತ್ರಿ ಶಾಲೆಯಲ್ಲಿ, ಕಂದೀಲಿನ ಬೆಳಕಿಗೆ ಹೆಸರು ಬರೆಯಲು ಕಲಿತವನು ಮಾಮಾ. ಅವನಿಗೆ ಬರುವುದು ಒಂದೇ ಸಹಿ. ಕನ್ನಡದ್ದು, ಒಂದೊಂದು ಅಕ್ಷರವನ್ನೂ ಬಿಡಿಬಿಡಿಯಾಗಿ ಕೂಡಿಸಿದ್ದು. ಒತ್ತಕ್ಷರ ಬರೆಯುವಾಗ ಪೆನ್ನು ಎತ್ತಿ ಒಂದು ಗಳಿಗೆ ತಡೆಯುತ್ತಾನೆ. ಪ್ಯಾನ್ ಕಾರ್ಡಿನ ಮೇಲೆ ಅದೇ ಸಹಿ ಇದೆ. ಆ ಪ್ಯಾನ್ ಕಾರ್ಡಿನ ಜೆರಾಕ್ಸ್ ಅದೇ ಫೈಲಿನಲ್ಲಿದೆ. ಎರಡು ಹಾಳೆಯನ್ನು ಪಕ್ಕಪಕ್ಕ ಇಟ್ಟು ನೋಡುವ ಕೆಲಸವನ್ನು ಯಾರೂ ಮಾಡಿಲ್ಲ. ಮೇಲಾಗಿ ಇನ್ನೊಂದು ಹಾಳೆಯಲ್ಲಿ, ಕರಾರನ್ನು ಮರಾಠಿಯಲ್ಲಿ ಓದಿ ಹೇಳಲಾಗಿದೆ, ಜಾಮೀನುದಾರನಿಗೆ ಅರ್ಥವಾಗಿದೆ ಎಂಬ ಘೋಷಣೆ. ಓದಿ ಹೇಳಿದವರು ಯಾರು, ಎಲ್ಲಿ, ಯಾವಾಗ? ಅಧಿಕಾರಿಯ ಬಳಿ ಉತ್ತರವಿಲ್ಲ.

ಅವನಿಗೆ ಇನ್ನೂ ಮೂವತ್ತು ತುಂಬಿರಲಿಕ್ಕಿಲ್ಲ. ದನಿ ತಗ್ಗಿಸಿ ಹೇಳುತ್ತಾನೆ: ಸದ್ಯ ಒಂದು ಕಂತು ಕಟ್ಟಿಬಿಡಿ, ಒಂದು ಪತ್ರಕ್ಕೆ ಸಹಿ ಮಾಡಿ, ಹೆಸರು ತೆಗೆಸಲು ಮೇಲಿನವರಿಗೆ ಬರೆಯುತ್ತೇನೆ. ಮಾಮಾನ ಕೈ ಒಳಜೇಬಿಗೆ ಹೋಗುತ್ತದೆ. ಅಲ್ಲಿ ದುಡ್ಡಿದೆ, ಬೆಳಿಗ್ಗೆ ಅತ್ತಿ ಎಣಿಸಿ ಕೊಟ್ಟದ್ದು. ಮರ್ಯಾದೆಗೆ ಅಂಜಿ ತಂದದ್ದು.

ನಾನು ಆ ಕೈ ಹಿಡಿಯುತ್ತೇನೆ. ಇಲ್ಲಿ ಒಂದು ರೂಪಾಯಿ ಕಟ್ಟಿದರೂ, ಜಾಮೀನನ್ನು ಒಪ್ಪಿಕೊಂಡೇ ಕಟ್ಟಿದ ಎಂದು ನಾಳೆ ಅದನ್ನೇ ತೋರಿಸಬಹುದು. ಹೊಸ ಪತ್ರಕ್ಕೆ ಸಹಿ ಹಾಕಿದರಂತೂ ಇಲ್ಲದ ಸಹಿಯನ್ನು ನಾವೇ ಒದಗಿಸಿಕೊಟ್ಟಂತೆ.

ಕಾನೂನು ಜಾಮೀನುದಾರನ ಮೇಲೆ ಕಠಿಣವಾಗಿದೆ, ಅದನ್ನು ಮುಚ್ಚಿಡುವುದಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ ಹೊಣೆ. ಮೊದಲು ಸಾಲಗಾರನನ್ನು ಹಿಡಿಯಿರಿ, ಆಮೇಲೆ ನನ್ನ ಹತ್ತಿರ ಬನ್ನಿ ಎಂಬ ವಾದವನ್ನು ಸುಪ್ರೀಂ ಕೋರ್ಟು 1960ರ ದಶಕದಲ್ಲೇ ಒಪ್ಪಲಿಲ್ಲ. ಗಾಡಿಯ ಆರ್‌ಸಿಯಲ್ಲಿ ಮಾಲೀಕನ ಹೆಸರು, ಸಾಲ ಕೊಟ್ಟವರ ಹೆಸರು ಇರುತ್ತದೆ. ಜಾಮೀನುದಾರನ ಹೆಸರು ಎಲ್ಲೂ ಇರುವುದಿಲ್ಲ. ಗಾಡಿಯ ಮೇಲೆ ಹಕ್ಕಿಲ್ಲ, ಸಾಲದ ಮೇಲೆ ಪೂರ್ತಿ ಹೊಣೆ. ಇಷ್ಟು ಭಾರದ ಹೊಣೆಯಾದ್ದರಿಂದಲೇ ಅದೇ ಕಾಯ್ದೆಯ 13ನೇ ಕಲಮು ನನಗೆ ದೊಡ್ಡದಾಗಿ ಕಾಣುತ್ತದೆ. ಇಬ್ಬರು ಒಂದೇ ಸಂಗತಿಯನ್ನು ಒಂದೇ ಅರ್ಥದಲ್ಲಿ ಒಪ್ಪಿದರೆ ಮಾತ್ರ ಅದು ಸಮ್ಮತಿ. ಮಾಮಾ ಆರು ಅಂಕಿ ಹೇಳಿದ್ದು ರೂಮಿನ ಸಾಕ್ಷಿಗೆ. ಗಾಡಿಯ ಸಾಲ ಎಂಬ ಮಾತೇ ಅವನ ಕಿವಿಗೆ ಬಿದ್ದಿಲ್ಲ. ಓಟಿಪಿ ಹೋಯಿತು ಎಂದಮಾತ್ರಕ್ಕೆ ಒಪ್ಪಿಗೆ ಹೋಗಿಲ್ಲ.

ಈ ಮಾತನ್ನು ನನಗೆ ಬಂದಷ್ಟು ಹಿಂದಿಯಲ್ಲಿ ಅಧಿಕಾರಿಗೆ ಹೇಳುತ್ತೇನೆ. ಬರೆದು ತಂದ ತಕರಾರನ್ನು ಮುಂದಿಡುತ್ತೇನೆ. ಅವನು ಬಹಳ ಹೊತ್ತು ಓದಿ, ಎರಡನೇ ಪ್ರತಿಯ ಮೇಲೆ ಶಿಕ್ಕಾ ಒತ್ತಿ, ತಾರೀಖು ಹಾಕಿ ಕೊಡುತ್ತಾನೆ. ಮಾಮಾ ಆ ಪೋಚಪಾವತಿಯನ್ನು ನಾಲ್ಕಾಗಿ ಮಡಚಿ, ದುಡ್ಡಿನ ಜೊತೆ ಅದೇ ಒಳಜೇಬಿನಲ್ಲಿ ಇಟ್ಟುಕೊಳ್ಳುತ್ತಾನೆ.

ಪೊಲೀಸ್ ಠಾಣೆಯಲ್ಲಿ ಮಧ್ಯಾಹ್ನವೆಲ್ಲ ಬೆಂಚಿನ ಮೇಲೆ ಕಳೆಯುತ್ತದೆ. ಇದು ದುಡ್ಡಿನ ವ್ಯವಹಾರ, ದಿವಾಣಿ ಕೋರ್ಟಿಗೆ ಹೋಗಿ ಎಂದು ಒಬ್ಬರು. ಕಳ್ಳ ಸಹಿ ಇದೆಯಲ್ಲ ಸಾಹೇಬ್ರ ಎಂದು ನಾನು. ಭಾರತೀಯ ನ್ಯಾಯ ಸಂಹಿತೆಯಲ್ಲಿ ವಂಚನೆಗೆ 318, ನಕಲಿ ದಾಖಲೆ ಸೃಷ್ಟಿಗೆ 336, ಅದನ್ನು ಅಸಲಿಯೆಂದು ಬಳಸಿದ್ದಕ್ಕೆ 340ನೇ ಕಲಮು. ಇನ್ನೊಬ್ಬರ ಗುರುತನ್ನು ಕದ್ದು ಬಳಸಿದ್ದಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ. ಅರ್ಜಿಯನ್ನು ಮರಾಠಿಯಲ್ಲಿ ಬರೆದುಕೊಟ್ಟವರು ಚಾಳಿನ ಪಕ್ಕದ ಖೋಲಿಯ ಶಿಕ್ಷಕಿ. ಸಹಿ ಮಾಡುವಾಗ ಮಾಮಾ ಕೆಳಗೆ ತನ್ನ ಕನ್ನಡದ ಅಕ್ಷರಗಳನ್ನು ಒಂದೊಂದಾಗಿ ಕೂಡಿಸುತ್ತಾನೆ. ಕಾನ್‌ಸ್ಟೇಬಲ್ ಬಗ್ಗಿ ನೋಡಿ, ಪೂರ್ತಿ ಬರೆದು ಮುಗಿಯುವ ತನಕ ಸುಮ್ಮನಿರುತ್ತಾರೆ. ಅರ್ಜಿ ತೆಗೆದುಕೊಳ್ಳುತ್ತಾರೆ, ನಂಬರು ಕೊಡುತ್ತಾರೆ. ಎಫ್‌ಐಆರ್ ಇನ್ನೂ ಆಗಿಲ್ಲ. ಆಗದಿದ್ದರೆ ಉಪ ಆಯುಕ್ತರಿಗೆ ಬರಹದಲ್ಲಿ ಕಳಿಸುವ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗುವ ದಾರಿ ಇದೆ.

ರಾತ್ರಿ ಮತ್ತೆ ಫೋನಿನ ಕೆಲಸ. ಸಿಬಿಲ್‌ನಲ್ಲಿ ಆ ಖಾತೆಯ ಮೇಲೆ ತಕರಾರು ದಾಖಲಿಸುತ್ತೇನೆ. 30 ದಿನದೊಳಗೆ ಬಗೆಹರಿಸದಿದ್ದರೆ ಆಮೇಲಿನ ಒಂದೊಂದು ದಿನಕ್ಕೂ 100 ರೂಪಾಯಿ ಪರಿಹಾರ ಕೊಡಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಕಂಪನಿ 30 ದಿನದಲ್ಲಿ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು, ಅದಕ್ಕೆ ಶುಲ್ಕವಿಲ್ಲ, ವಿಚಾರಿಸಲು 14448. ಆಧಾರ್ ವೆಬ್‌ಸೈಟಿನಲ್ಲಿ ಮಾಮಾನ ಬೆರಳಚ್ಚನ್ನು ಲಾಕ್ ಮಾಡುತ್ತೇನೆ. ಇತ್ತೀಚೆಗೆ ಆಧಾರ್ ಎಲ್ಲೆಲ್ಲಿ ಬಳಕೆಯಾಗಿದೆ ಎಂಬ ಪಟ್ಟಿಯೂ ಅಲ್ಲೇ ಸಿಗುತ್ತದೆ, ಅದನ್ನು ತೆಗೆದು ದೂರಿಗೆ ಲಗತ್ತಿಸುತ್ತೇನೆ.

“ಅಂವಗ ಗಾಡಿ ಬೇಕಿತ್ತಂದ್ರ ಕೇಳಬೇಕಿತ್ತು” ಎನ್ನುತ್ತಾಳೆ ಅತ್ತಿ, ಒಲೆಯ ಕಡೆ ಮುಖ ಮಾಡಿಯೇ. “ನಿಮ್ಮ ಮಾಮಾ ಇಲ್ಲ ಅಂತಿದ್ದಿಲ್ಲ.”

ಮಾಮಾ ಮಾತಾಡುವುದಿಲ್ಲ.

ಇವತ್ತಿಗೆ 22ನೇ ದಿನ. ವರದಿಯಲ್ಲಿ ಆ ಖಾತೆಯ ಮೇಲೆ ‘ವಿವಾದದಲ್ಲಿದೆ’ ಎಂಬ ಸಾಲು ಕಾಣಿಸಿಕೊಂಡಿದೆ. ಬೈಕಿನವರು ಮತ್ತೆ ಬಂದಿಲ್ಲ. ನಿನ್ನೆ ಹೊಸ ಸೈಟಿನ ಗೇಟ್ ಪಾಸಿಗೆ ಆಧಾರ್ ಜೆರಾಕ್ಸ್ ಕೇಳಿದರು. ಮಾಮಾ ಕೊಡುವ ಮೊದಲು ಅದನ್ನು ತೊಡೆಯ ಮೇಲಿಟ್ಟು, ಫೋಟೊದ ಅಂಚಿನಿಂದ ಹಾಳೆಯ ಆ ತುದಿಯ ತನಕ ಅಡ್ಡಲಾಗಿ ಬರೆದ: ‘ಗೇಟ್ ಪಾಸಿಗೆ ಮಾತ್ರ’, ಕೆಳಗೆ ತಾರೀಖು, ಸಹಿ. ಬರೆಯಲು ಐದು ನಿಮಿಷ ಹಿಡಿಯಿತು. ಹಿಂದೆ ಸಾಲಿನಲ್ಲಿ ನಿಂತ ಹುಡುಗರು ಪೆನ್ನು ಇಸಿದುಕೊಂಡು ತಾವೂ ಹಾಗೆಯೇ ಬರೆದರಂತೆ.

ದೇಶದಲ್ಲಿ ಸಿಬಿಲ್ ಸೇರಿ ಇಂಥ ಸಾಲದ ವರದಿ ಕೊಡುವ ಕಂಪನಿಗಳು ನಾಲ್ಕಿವೆ. 2017ರಿಂದ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಪುಕ್ಕಟೆಯಾಗಿ ಕೊಡಬೇಕೆಂಬ ನಿಯಮವಿದೆ. ನಿಮ್ಮದನ್ನು ತೆಗೆದು ನೋಡಿ. ಇಂಗ್ಲಿಷ್ ಬಾರದ ನಿಮ್ಮ ಮಾಮಾನದು, ಕಾಕಾನದು, ಮನೆಗೆ ಬರುವ ಗೌಂಡಿಯದು, ಅವರನ್ನು ಪಕ್ಕದಲ್ಲಿ ಕೂಡಿಸಿಕೊಂಡು ನೀವೇ ತೆಗೆದುಕೊಡಿ. ಹತ್ತು ನಿಮಿಷದ ಕೆಲಸ.